ಮಂಚದ ಕೆಳಗಿನ ಮಾತು

ನನ್ನ ತಂಗಿ ಶೈಲಜಾ ದೋಣಿಮಲೈ ಗಣಿಯ ಕಚೇರಿಯಲ್ಲಿ ಕೆಲಸಕ್ಕಿದ್ದು, ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಳೆ. ಗಂಡ ಈಶ್ವರ ಸೈನಿಕ. ಗಡಿಯಿಂದ ರಜೆಗೆ ಬಂದವನು, ಅವರ ಮನೆಗೆ ಹೋಗಿದ್ದ ನನ್ನ ಜೊತೆ ಊಟಕ್ಕೆ ಕುಳಿತಾಗ ಗಣಿಯಲ್ಲಿ ಬಂಡೆ ಸಿಡಿಸಿದ ಸದ್ದಿಗೆ ಬೆಚ್ಚಿ ಮಂಚದ ಕೆಳಗೆ ನುಗ್ಗಿಬಿಟ್ಟ.

“ಮಿಲಿಟರಿಯವನಾಗಿ ಇದೇನ್ಲೇ, ಹೊರಗ ಬಾ!” ಎಂದು ನಾನು ಅವನ ರಟ್ಟೆಗೆ ಕೈ ಹಾಕಿದೆ.

“ಅಣ್ಣಾ, ಮುಟ್ಟಬ್ಯಾಡ, ಒದರಬ್ಯಾಡ!” ಎಂದಳು ಶೈಲಜಾ. ಸೈನಿಕರ ಮನೆಯವರ ತರಬೇತಿಯಲ್ಲಿ ಹಾಗೆ ಕಲಿಸಿದ್ದರಂತೆ; ಬೆಚ್ಚಿದವರಿಗೆ ಸುತ್ತಲಿನ ಸದ್ದು, ವಾಸನೆಗಳ ಗುರುತು ಹಿಡಿಸಿ ಮರಳಿ ತರಬೇಕಂತೆ. ಹಂಚಿನ ಮೇಲಿನ ರೊಟ್ಟಿ ಬಿಟ್ಟು ಬಂದು, ನೆಲಕ್ಕೆ ಮಲಗಿ ಅವನ ಮುಖ ನೋಡಿದಳು.

“ಏನ್ರೀ, ಇದು ನಮ್ಮನಿ. ಸದ್ದು ಗಣೀದು. ಈಗ ಏನು ವಾಸನಿ ಬರ್ತೈತಿ, ಹೇಳ್ರಿ.”

ಅವಳು ಅದನ್ನೇ ಮೆಲ್ಲಗೆ ಮತ್ತೆ ಮತ್ತೆ ಕೇಳಿದ ಮೇಲೆ ಅವನು ಮೂಗರಳಿಸಿದ. “ರೊಟ್ಟಿ ಸೀದೈತಿ.”

“ಸೀಯಲಿ ಬಿಡ್ರಿ, ನಮ್ಮಣ್ಣ ತಿಂತಾನ.”

ಈಶ್ವರ ನಗುತ್ತ ತಾನೇ ಹೊರಬಂದ. ಇಷ್ಟು ತಾಳ್ಮೆಯನ್ನೂ ಮನುಷ್ಯರು ಕಲಿಯಬಹುದೇ ಎಂದು ನಾನು ಬೆರಗಾಗಿ ನಿಂತೆ.