ಗುರಿಮೊಳೆಗೆ ಹಚ್ಚಿದ ಗಂಧ

ನಮ್ಮ ಯಜಮಾನರಿಗೆ ಅವರಪ್ಪನಿಂದ ಬಂದದ್ದು ಪಂಚನಹಳ್ಳಿಯ ತೆಂಗಿನ ತೋಟ, ಮೂಗಿನ ತುದಿಯ ಕೋಪ ಮತ್ತು ಲೈಸೆನ್ಸಿದ್ದ ಒಂದು ಹಳೆಯ ರಿವಾಲ್ವರ್. ತೋಟವನ್ನೂ ಕೋಪವನ್ನೂ ಚೆನ್ನಾಗಿಯೇ ಬೆಳೆಸಿದರು. ರಿವಾಲ್ವರನ್ನು ಮಾತ್ರ ಎಣ್ಣೆ ಹಾಕಿ ಒರೆಸುವ ಭರದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳಿಸಿ, ನಳಿಗೆಯ ತುದಿಯ ಗುರಿಮೊಳೆ ಮುರಿದರು. ಕಣ್ಣಿಗೆ ಗುರಿ ತೋರಿಸುವ ಆ ಪುಟ್ಟ ಮೊಳೆಯಿಲ್ಲದೆ ರಿವಾಲ್ವರ್ ಇದ್ದೂ ಇಲ್ಲದ ಹಾಗೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮಾವನವರು ತೀರಿಕೊಂಡು ವರ್ಷ ತುಂಬಿತ್ತು. ಆಯುಧಪೂಜೆಗೆ ಎಲ್ಲರೂ ಬೂದುಗುಂಬಳ ಒಡೆದರೆ, ನಮ್ಮ ಮನೆಯಲ್ಲಿ ಹಿರಿಯ ಗಂಡಸು ಅದಕ್ಕೆ ಗುಂಡು ಹೊಡೆಯಬೇಕು. ಹೊಡೆದವನೇ ಮನೆಯ ಯಜಮಾನ. ಈ ಸಲ ಸರದಿ ಇವರದು. ಅಜ್ಜಂಪುರದಿಂದ ನನ್ನ ಅಣ್ಣಂದಿರೂ ಬರುವವರಿದ್ದರು, ನಗುವುದಕ್ಕೆಂದೇ.

ತರೀಕೆರೆಯಲ್ಲಿ ಕೋವಿ ರಿಪೇರಿ ಮಾಡುವವರು ಹೊಸ ಮೊಳೆಯನ್ನು ಅಲುಗದಂತೆ ಕೂರಿಸಿಕೊಟ್ಟರು. ಬೇಕೆಂದೇ ತುಸು ಎತ್ತರ ಬಿಟ್ಟಿದ್ದೇನೆ, ಗುಂಡು ಕೆಳಗೆ ಬೀಳುತ್ತದೆ, ಹೊಡೆದು ನೋಡುತ್ತ ಅರದಿಂದ ಉಜ್ಜಿ ತಗ್ಗಿಸಿಕೊಳ್ಳಿ ಎಂದಿದ್ದರಂತೆ.

"ಕೆಳಗೆ ಬಿದ್ರೆ ಮೊಳೆ ಎತ್ತರ ಮಾಡ್ಬೇಕಲ್ಲವೇನೇ?" ಎಂದು ಇವರು ನನ್ನನ್ನು ಕೇಳಿದರು.

"ಎತ್ತರದ ಮೊಳೆನ ಗುರಿಗೆ ತರಕ್ಕೆ ನೀವು ನಳಿಗೆ ಮೂತಿ ಬಗ್ಗಿಸ್ತೀರಿ ಕಣ್ರೀ. ಗುಂಡು ಮಣ್ಣಿಗಲ್ದೆ ಇನ್ನೆಲ್ಲಿಗೆ ಹೋಗುತ್ತೆ?" ಎಂದೆ.

ಹೆಂಡತಿ ಹೇಳಿದ್ದು ಸರಿ ಎಂದು ಒಪ್ಪಲು ವಾರ ಹಿಡಿಯಿತು. ಆಮೇಲೆ ತೋಟದಲ್ಲಿ ಒಂದು ಗುಂಡು, ನಾಲ್ಕು ಉಜ್ಜು, ಮತ್ತೆ ಗುಂಡು. ಕೊನೆಗೂ ತೆಂಗಿನ ಚಿಪ್ಪು ಚೂರಾದ ದಿನ ಇವರ ನಡಿಗೆಯೇ ಬದಲಾಯಿತು.

ಹಬ್ಬದ ದಿನ ಹೊಡೆದ ಗುಂಡು ಕುಂಬಳದ ಮುಂದಿನ ಮಣ್ಣು ಹಾರಿಸಿತು. ಇವರು ರಿವಾಲ್ವರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ," ಎಂದ ನನ್ನ ದೊಡ್ಡಣ್ಣ.

ಇವರ ಮುಖ ಸಪ್ಪಗಾಯಿತು. ಅಷ್ಟು ದಿನ ರೇಗಿಸಿದ ನಾನೇ ಹತ್ತಿರ ಹೋಗಿ ರಿವಾಲ್ವರನ್ನು ಬಗ್ಗಿ ನೋಡಿದೆ.

ಆಗ ಕಣ್ಣಿಗೆ ಬಿತ್ತು. ನಮ್ಮತ್ತೆ ಪೂಜೆಯಲ್ಲಿ ರಿವಾಲ್ವರಿಗೆ ಗಂಧ ಹಚ್ಚಿದ್ದರು, ಅದರಲ್ಲೂ ಮೊಳೆಯ ನೆತ್ತಿಗೆ ಧಾರಾಳವಾಗಿ. ಅಷ್ಟೆಲ್ಲ ಉಜ್ಜಿ ತಗ್ಗಿಸಿದ್ದನ್ನು ಗಂಧ ಮತ್ತೆ ಎತ್ತರಿಸಿತ್ತು. ಪೂಜೆಯ ಗಂಧ ಒರೆಸುವಂತಿಲ್ಲ, ಅದೂ ಅತ್ತೆಯ ಎದುರಿಗೆ. ಹಾಗಾದರೆ ಮಾವನವರು ಹೇಗೆ ಹೊಡೆಯುತ್ತಿದ್ದರು? ಗುಂಡು ತುಂಬುವ ಮೊದಲು ಅವರು ರಿವಾಲ್ವರನ್ನು ಭಕ್ತಿಯಿಂದ ಹಣೆಗೆ ಒತ್ತಿಕೊಳ್ಳುತ್ತಿದ್ದುದು ನೆನಪಾಯಿತು. ಊಟಕ್ಕೆ ಕೂತಾಗ ವಿಭೂತಿಯ ನಡುವೆ ಗಂಧದ ಗೀರು ಕಾಣುತ್ತಿತ್ತು.

"ಗುಂಡೆಲ್ಲ ತೆಗ್ದು, ಹಣೆಗೆ ಒತ್ಕೊಳ್ರೀ. ಮೊಳೆ ಕಡೆಯಿಂದ, ಗಟ್ಟಿಯಾಗಿ," ಎಂದು ಇವರ ಕಿವಿಯಲ್ಲಿ ಹೇಳಿದೆ.

ಈ ಸಲ ವಾರ ಹಿಡಿಯಲಿಲ್ಲ. ಇವರಿಗೆ ತಕ್ಷಣ ಭಕ್ತಿ ಉಕ್ಕಿತು. ಮತ್ತೆ ಗುಂಡು ತುಂಬಿ ಹೊಡೆದರು, ಕುಂಬಳ ಬಿರಿಯಿತು.

ಅತ್ತೆ ಮಗನ ಹಣೆಯ ಗೀರನ್ನೇ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಿಮ್ಮಾವನೂ ಹಿಂಗೇ ಒರೆಸ್ತಿದ್ರು ಕಣೇ," ಎಂದರು ನನಗೆ. "ನಂಗೆ ಗೊತ್ತಿಲ್ಲ ಅಂದ್ಕೊಂಡೇ ಹೋಗ್ಬಿಟ್ರು."