ಕಾರ್ಡು ಅಳಿಸದ ಅಕ್ಕ

ಮೊನ್ನೆ ಹೊಸದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವರ ಹೆಗಲ ಮೇಲೆ ಮಳೆಯಲ್ಲಿ ನೆನೆದ ಕಂಬಳಿಯಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳಲ್ಕೆರೆಯ ಸ್ಟುಡಿಯೋದ ಅಕ್ಕ ನೆನಪಾದಳು. ಎಸಿ ಕೋಣೆಯ ಚಳಿ ತಡೆಯದೆ ಕಂಬಳಿ ಹೊದ್ದೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು...

ನಾನು ಅಲ್ಲಿ ಮದುವೆ ಆಲ್ಬಂ ಮಾಡುತ್ತಿದ್ದೆ. ಕ್ಯಾಮೆರಾ ಕಾರ್ಡಿನಲ್ಲಿರುವ ವಿಡಿಯೋಗಳನ್ನು ಡಿಸ್ಕಿಗೆ ಸಾಗಿಸಿ, ಆಮೇಲೆ ಕಾರ್ಡು ಅಳಿಸುವ ಸ್ಕ್ರಿಪ್ಟನ್ನು, ಅಂದರೆ ಕಂಪ್ಯೂಟರಿನ ಪುಟ್ಟ ಪ್ರೋಗ್ರಾಮನ್ನು, ಅಕ್ಕನೇ ಬರೆದಿದ್ದಳು. ಅದೋ, ಚೂರು ಎಡವಟ್ಟಾದರೂ ಕೆಂಪಕ್ಷರ ತೋರಿಸಿ ನಿಂತುಬಿಡುತ್ತಿತ್ತು.

"ನಿಮ್ಮ ಸ್ಕ್ರಿಪ್ಟಿಗೆ ಮೂಗಿನ ತುದಿಯಾಗೇ ಸಿಟ್ಟು ಕಣಕ್ಕ" ಎಂದು ರೇಗಿಸುತ್ತಿದ್ದೆ.

ಅಕ್ಕ ಕುರಿಗಾರರ ಮನೆಯವಳು. "ಹೊಸ ಹೊಲದಾಗೆ ಕುರಿ ಸೇರಿದ್ವು ಅಂತ ಕೂಗು ಬರಾಗಂಟ ನಮ್ಮಪ್ಪ ಹಳೆ ಹೊಲದಾಗೆ ಕುರಿ ಕೂಡೋ ಬಲೆ ಕೀಳ್ತಿರ್ಲಿಲ್ಲ. ಅರ್ಧ ಕುರಿ ತಿರುಗಿ ಬಂದ್ರೆ ಎಲ್ಲಿ ನಿಲ್ತಾವೆ ಹೇಳಪ್ಪ?" ಎನ್ನುತ್ತಿದ್ದಳು.

ಒಮ್ಮೆ ಬಿ.ದುರ್ಗದ ಕಡೆಯ ಮದುವೆ. ಹಸೆಮಣೆಯ ಮುಂದೆ ಸೋಬಾನೆ ಹಾಡಿದ್ದ ಮದುಮಗಳ ಅಜ್ಜಿ ವಾರದೊಳಗೇ ತೀರಿಕೊಂಡಳು. "ಅಜ್ಜಿ ಹಾಡಿದ್ದು ಐತೇನಕ್ಕ?" ಎಂದು ಆ ಹುಡುಗಿ ಬಂದು ನಿಂತಾಗ ಅದೇ ಕಾರ್ಡಿನ ವಿಡಿಯೋ ಡಿಸ್ಕಿಗೆ ಸಾಗುತ್ತಿತ್ತು. ನಡುವೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಕರೆಂಟು ಬಂದ ಮೇಲೆ ನೋಡಿದರೆ ಡಿಸ್ಕಿನಲ್ಲಿ ಫೈಲಿನ ಹೆಸರೇನೋ ಇತ್ತು, ಸ್ಕ್ರಿಪ್ಟು ಮಾತ್ರ ಕೆಂಪಕ್ಷರ ತೋರಿಸಿತು.

ವಿಡಿಯೋ ತೆಗೆಯುವವನಿಗೆ ಅವಸರ. "ಫೈಲು ಬಂದೈತಲ್ಲಕ್ಕ, ಅಳಿಸಿ ಕೊಡ್ರಿ. ಹಿರಿಯೂರ್ ಮದುವೆಗೆ ಹೊತ್ತಾತು" ಎಂದ.

ಅಕ್ಕ ಫೈಲು ತೆರೆದಳು. ಅಜ್ಜಿ ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು... ಅಲ್ಲಿಗೇ ಕಡಿದಿತ್ತು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಹೆಸರು ಬಂದೈತೆ, ಅಜ್ಜಿ ಬಂದಿಲ್ಲ. ನೀನು ಬ್ಯಾರೆ ಕಾರ್ಡು ತಗಂಡು ಹೋಗಪ್ಪ" ಎಂದಳು ಅಕ್ಕ.

ಡಿಸ್ಕಿನಲ್ಲಿದ್ದ ಅರೆಬರೆ ಫೈಲನ್ನು ತೆಗೆದು, ಕಾರ್ಡಿನಿಂದ ಮತ್ತೆ ಸಾಗಿಸಿ, ಎರಡನ್ನೂ ತಾಳೆ ನೋಡಿದ ಮೇಲೆಯೇ ಹುಡುಗಿಯನ್ನು ಕರೆದು ಕೂರಿಸಿದಳು. ಅಜ್ಜಿಯ ಒಡಕು ದನಿ ಕೋಣೆಯನ್ನೆಲ್ಲ ತುಂಬಿತು. ಹುಡುಗಿ ಪರದೆಯ ಮೇಲೆ ಅಂಗೈ ಇಟ್ಟು ಅಳುತ್ತ ಕುಳಿತಳು. ಅಕ್ಕ ಅವಳ ಬೆನ್ನು ಸವರಿದಳು. ಆ ದಿನ ಅಕ್ಕನ ಮೇಲೆ ಹುಟ್ಟಿದ ಪ್ರೀತಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಹೋದ ವರ್ಷ ಅಕ್ಕ ಕಾಯಿಲೆಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿ ಸ್ಟುಡಿಯೋಗೆ ಹೋದವನು, ಎಲ್ಲಾದರೂ ಅಕ್ಕ ಸಿಕ್ಕಾಳೇನೋ ಎಂದು ಹಳೆಯ ಡಿಸ್ಕುಗಳನ್ನೆಲ್ಲ ಜಾಲಾಡಿದೆ. ಸುತ್ತಲ ಊರುಗಳ ಮದುವೆಗಳೆಲ್ಲ ಅಲ್ಲಿದ್ದವು, ಒಂದೂ ಕೆಟ್ಟಿರಲಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತವಳ ಕಡೆಗೆ ಯಾರೂ ಕ್ಯಾಮೆರಾ ತಿರುಗಿಸಿರಲಿಲ್ಲ. ನಾನೂ ತಿರುಗಿಸಿರಲಿಲ್ಲ. ಅಕ್ಕನ ದನಿ ಒಮ್ಮೆ ಕೇಳಬೇಕು ಅನ್ನಿಸುತ್ತದೆ... ಕೇಳಲು ಎಲ್ಲೂ ಇಲ್ಲ.