ಮೂರು ಕಡೆ ನನ್ನದೇ ಸಹಿ

ಸಣ್ಣ ಉದ್ದಿಮೆಗಳಿಗೆ ನಮ್ಮ ಬಾಗಿಲು ಸದಾ ತೆರೆದಿರುತ್ತದೆ ಎಂದು ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ ಹೇಳಿದಾಗ ನನಗೆ ನಗು ಬಂತು. ಆ ಬಾಗಿಲಲ್ಲೇ ನನ್ನನ್ನು ಮುಕ್ಕಾಲು ಗಂಟೆ ನಿಲ್ಲಿಸಿದ್ದರು. ಫೋನು ಒಪ್ಪಿಸಿದೆ, ಪೆನ್‌ಡ್ರೈವ್ ಇಲ್ಲವೆಂದು ಬರೆದುಕೊಟ್ಟೆ, ಆಧಾರ್ ತೋರಿಸಿದೆ. ಎಲ್ಲ ಮುಗಿದ ಮೇಲೆ ಸೆಕ್ಯುರಿಟಿಯವನು ನನ್ನ ಬೆನ್ನ ಹಿಂದೆ ಇಣುಕಿ, "ಯಜಮಾನ್ರು ಬರ್ಲಿಲ್ವಾ ಮೇಡಂ?" ಎಂದ.

"ನಾನೇ ಯಜಮಾನ್ರು ಕಣಪ್ಪಾ" ಎಂದೆ. ಅವನು ರಿಜಿಸ್ಟರಿನಲ್ಲಿ ಬರೆದಿದ್ದನ್ನು ಹೊಡೆದುಹಾಕಿ ಮತ್ತೆ ಬರೆದುಕೊಂಡ.

ಅದು ದೇಶದ ಭದ್ರತೆಗಾಗಿ ಸಂಶೋಧನೆ ಮಾಡುವ ಪ್ರಯೋಗಾಲಯ. ಪೀಣ್ಯದಲ್ಲಿ ನಾವೆಲ್ಲ ಸುಮ್ಮನೆ 'ಲ್ಯಾಬ್' ಎನ್ನುತ್ತೇವೆ. ಪೀಣ್ಯದ ಎರಡನೇ ಹಂತದಲ್ಲಿ ನನ್ನದೊಂದು ಶೆಡ್ಡು ಇದೆ: ಎರಡು ಹಳೆಯ ಲೇತು, ಒಂದು ಮಿಲ್ಲಿಂಗ್ ಮಿಷನ್ನು, ಆಮೇಲೆ ಸಾಲ ಮಾಡಿ ತಂದ, ಕಂಪ್ಯೂಟರಿನಿಂದ ಓಡುವ ಒಂದು ಸಿಎನ್‌ಸಿ ಮಿಷನ್ನು, ಐದು ಜನ ಕೆಲಸದವರು. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾದ ಅಪ್ಪ ಅದನ್ನು ಶುರುಮಾಡಿದ್ದರು. ಡ್ರಾಯಿಂಗ್ ಓದುವುದನ್ನು ನಾನು ಕಲಿತಿದ್ದು ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೇ. ಅವರು ತೀರಿಕೊಂಡಾಗ ಎಲ್ಲರೂ ಮಿಷನ್ನು ಮಾರಿಬಿಡು ಎಂದರು. ಬೇಡ ಎಂದವರು ಒಬ್ಬರೇ, ನಮ್ಮ ಹಿರಿಯ ಟರ್ನರು. ಚಿಕ್ಕಬಾಣಾವರದವರು. ಅವರ ಅಜ್ಜ ಮುತ್ತಜ್ಜಂದಿರೆಲ್ಲ ಅಲ್ಲೇ ರಾಗಿ ಬೆಳೆದವರು. ಅಪ್ಪನ ಜೊತೆಗೆ ಬಂದು ಸೇರಿ ಲೇತಿನ ಮುಂದೆಯೇ ಕೂದಲು ಬೆಳ್ಳಗಾಗಿಸಿಕೊಂಡವರು. ಅವರನ್ನು ನಾನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಅವ್ವ ಎನ್ನುತ್ತಾರೆ.

ಸಣ್ಣ ಉದ್ದಿಮೆದಾರರಿಗೆಂದು ಲ್ಯಾಬ್ ಕರೆದಿದ್ದ ಆ ಸಭೆಯಲ್ಲಿ ಪರದೆಯ ಮೇಲೆ ನಮ್ಮಂಥದ್ದೇ ಒಂದು ಶೆಡ್ಡಿನ ಚಿತ್ರ ತೋರಿಸಿದರು. ನೀವು ಬರೀ ಸರಬರಾಜು ಮಾಡುವವರಲ್ಲ, ನಮ್ಮ ಪಾಲುದಾರರು ಎಂದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಊಟದ ಹೊತ್ತಿಗೆ ಒಬ್ಬ ಯುವ ವಿಜ್ಞಾನಿ ನನ್ನ ಹತ್ತಿರ ಬಂದ. ಒಂದು ಪೀಸು ಇದೆ, ಯಾರಿಂದಲೂ ಆಗುತ್ತಿಲ್ಲ, ಪ್ರಯತ್ನ ಮಾಡುತ್ತೀರಾ ಎಂದು ಕೇಳಿದ. ಅಂಗೈಯಗಲದ ಅಲ್ಯೂಮಿನಿಯಂ ಬಟ್ಟಲು. ಗೋಡೆಯ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ಯಾವುದರೊಳಗೆ ಕೂರುತ್ತದೆ ಎಂದು ಅವನು ಹೇಳಲಿಲ್ಲ, ನಾವು ಕೇಳುವಂತೆಯೂ ಇರಲಿಲ್ಲ. ಮೊದಲು ಐದು ಪೀಸು ಮಾಡಿ ತೋರಿಸುವುದು. ಅದಕ್ಕೆ 'ಅಭಿವೃದ್ಧಿ ಆರ್ಡರ್' ಎಂದು ಹೆಸರು. ಹನ್ನೊಂದು ಪುಟಗಳ ಷರತ್ತಿಗೆ ನಾನು ಓದದೆ ಸಹಿ ಹಾಕಿದೆ.

ಆ ಬಟ್ಟಲು ನಮ್ಮನ್ನು ಐದು ತಿಂಗಳು ಸತಾಯಿಸಿತು. ಲೇತಿನಲ್ಲಿ ಗಟ್ಟಿಯಾಗಿ ಹಿಡಿದರೆ ಗೋಡೆ ಸೊಟ್ಟಗಾಗುತ್ತಿತ್ತು. ಮೆತ್ತಗೆ ಹಿಡಿದರೆ ಟೂಲು ತಾಕಿದೊಡನೆ ಗಡಗಡ ನಡುಗಿ ಮೈತುಂಬ ಗೆರೆ ಬೀಳುತ್ತಿತ್ತು. ಮೂರು ಸಲ ಲ್ಯಾಬ್‌ಗೆ ಒಯ್ದೆವು, ಮೂರು ಸಲವೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸಿದರು. ನಾಲ್ಕನೆಯ ಸಲದ ಪೀಸುಗಳು ಶೆಡ್ಡಿನಲ್ಲೇ ಕೆಟ್ಟವು. ನಾನು ಕೈಚೆಲ್ಲಿ ಕೂತಿದ್ದೆ. ಟರ್ನರಣ್ಣ ಒಂದು ಕೆಟ್ಟ ಪೀಸನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿದರು.

"ಇದು ಗಂಟೆ ಅಂಗೆ ಕೂಗ್ತದೆ ಕಣವ್ವ. ಒಳಗೆ ಟೊಳ್ಳಿದ್ರೆ ಕೂಗ್ದೆ ಏನ್ ಮಾಡ್ತದೆ? ನಮ್ ಬೀದಿ ಅಕ್ಕಸಾಲಿ ಟೊಳ್ಳು ಬಳೆ ಮೇಲೆ ಕೆತ್ನೆ ಮಾಡಾಗ ಏನ್ ಮಾಡ್ತಾನೆ ಯೋಳಿ? ಒಳೀಕೆ ಅರಗು ತುಂಬ್ತಾನೆ. ನಾವೂ ತುಂಬಾನ."

ಅರಗು ಅಲ್ಯೂಮಿನಿಯಂ ಬಿಟ್ಟುಬರಲಿಲ್ಲ. ಆಮೇಲೆ ಅವರೇ ಗ್ರಂದಿಗೆ ಅಂಗಡಿಯಿಂದ ರಾಳ ತಂದರು, ಧೂಪಕ್ಕೆ ಹಾಕುತ್ತೇವಲ್ಲ, ಅದೇ. ಮೇಣದಬತ್ತಿ ಕರಗಿಸಿ ಅದಕ್ಕೆ ರಾಳ ಬೆರೆಸಿ ಬಟ್ಟಲಿಗೆ ಹುಯ್ದು, ಆರಿದ ಮೇಲೆ ಲೇತಿಗೆ ಏರಿಸಿದರು. ಬಟ್ಟಲು ಕೂಗಲಿಲ್ಲ. ಟೂಲು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಪಾಕ ಎಷ್ಟು ಬಿಸಿಯಿರಬೇಕು, ಎಷ್ಟು ನಿಧಾನಕ್ಕೆ ಹುಯ್ಯಬೇಕು ಎಂದು ಕಂಡುಕೊಳ್ಳಲು ಇನ್ನೂ ಮೂರು ವಾರ ಹಿಡಿಯಿತು. ಕೊನೆಗೆ ಐದು ಪೀಸು ಕಳಿಸಿದೆವು.

"ಮೇಡಂ, ಐದಕ್ಕೆ ಐದೂ ಪಾಸ್!" ಎಂದು ಆ ವಿಜ್ಞಾನಿ ಫೋನಿನಲ್ಲೇ ಕಿರುಚಿದ. ಶೆಡ್ಡಿಗೆಲ್ಲ ಮೈಸೂರುಪಾಕು ಹಂಚಿದೆ.

ಮರುವಾರ ಲ್ಯಾಬ್‌ನ ಗುಣಮಟ್ಟ ವಿಭಾಗದವರು, ಯಾವ ಕೆಲಸ ಆದಮೇಲೆ ಯಾವ ಕೆಲಸ ಮಾಡಿದಿರಿ ಎಂಬುದನ್ನು ಬರೆದುಕೊಡಿ, ಫೈಲಿಗೆ ಬೇಕು ಎಂದರು. ಅದನ್ನು ಪ್ರೊಸೆಸ್ ಶೀಟ್ ಎನ್ನುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ತುಂಬಬೇಕಿತ್ತು. ರಾಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಹಾಗೇ ಇಂಗ್ಲಿಷ್ ಅಕ್ಷರದಲ್ಲಿ 'ರಾಲಾ' ಎಂದು ಬರೆದು ಕೊಟ್ಟೆ.

ಆರು ತಿಂಗಳಾದ ಮೇಲೆ ಆ ಬಟ್ಟಲಿನ ದೊಡ್ಡ ಟೆಂಡರ್ ಬಂತು. ಖುಷಿಯಿಂದ ತೆರೆದು ನೋಡಿದರೆ ಷರತ್ತುಗಳು ನಮ್ಮ ಬಾಗಿಲು ದಾಟದಷ್ಟು ದೊಡ್ಡವು. ನಾವು ಕಂಡಿರದಷ್ಟು ವಹಿವಾಟು ಇರಬೇಕು, ಇಂಥ ಪೀಸನ್ನು ಮೊದಲೇ ಸರಬರಾಜು ಮಾಡಿದ ಅನುಭವ ಇರಬೇಕು. ನಾನು ಖರೀದಿ ವಿಭಾಗದ ಅಧಿಕಾರಿಯ ಮುಂದೆ ಹೋಗಿ ನಿಂತೆ.

"ಸಾರ್, ಇದನ್ನ ಇಲ್ಲೀವರೆಗೆ ಮಾಡಿರೋದು ನಾವೊಬ್ಬರೇ. ಇನ್ಯಾರಿಗೆ ಅನುಭವ ಇರತ್ತೆ?"

"ನಿಮ್ದು ಅಭಿವೃದ್ಧಿ ಆರ್ಡರ್ ಮೇಡಂ. ಅದು ಸಪ್ಲೈ ಅಂತ ಲೆಕ್ಕಕ್ಕೆ ಬರಲ್ಲ."

"ಐದು ಪೀಸ್ ನಿಮ್ ಕೈಗೇ ತಂದ್ಕೊಟ್ಟಿದೀನಲ್ಲ ಸಾರ್?"

"ಕೊಟ್ಟಿದೀರ. ಸಪ್ಲೈ ಮಾಡಿಲ್ಲ."

ಅವರ ಮುಖದಲ್ಲಿ ವ್ಯಂಗ್ಯವೂ ಇರಲಿಲ್ಲ. ನಿಯಮ ಓದಿ ಹೇಳುತ್ತಿದ್ದರು ಅಷ್ಟೆ. ವ್ಯಂಗ್ಯ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಟೆಂಡರ್ ಒಂದು ದೊಡ್ಡ ಕಂಪನಿಗೆ ಹೋಯಿತು. ಅದು ತಿಳಿದ ದಿನ ನಾಗಸಂದ್ರದವರೆಗೆ ಮೆಟ್ರೋದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಎದುರಿಗಿದ್ದವರಿಗೆ ನಾನು ಅಳುತ್ತಿದ್ದೇನೆ ಅನ್ನಿಸಿರಬೇಕು. ನಾನು ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಆ ಕಂಪನಿಯವನೊಬ್ಬ ನಮ್ಮ ಶೆಡ್ಡಿಗೇ ಬಂದ. ಇಸ್ತ್ರಿ ಶರ್ಟು, ಕೊರಳಲ್ಲಿ ಗುರುತಿನ ಚೀಟಿ. ಅರ್ಜೆಂಟ್ ಜಾಬ್ ವರ್ಕ್ ಇದೆ, ಪೀಣ್ಯದಲ್ಲಿ ಯಾರು ಮಾಡಿಕೊಡುತ್ತಾರೆ ಎಂದು ಶೆಡ್ಡಿಂದ ಶೆಡ್ಡಿಗೆ ಹುಡುಕಿಕೊಂಡು ಬಂದಿದ್ದ. ಮೇಜಿನ ಮೇಲೆ ಡ್ರಾಯಿಂಗ್ ಹರಡಿದ. ಅದೇ ಬಟ್ಟಲು. ಅದರ ಜೊತೆಗೊಂದು ಪ್ರೊಸೆಸ್ ಶೀಟ್, ಅಂದವಾಗಿ ಟೈಪ್ ಮಾಡಿದ್ದು, ಮೇಲೆ ಅವರ ಕಂಪನಿಯ ಮುದ್ರೆ. ಒಂದೊಂದು ಸಾಲೂ ನನ್ನದು.

"ಎಲ್ಲ ಅರ್ಥ ಆಗತ್ತೆ ಮೇಡಂ. ಈ ನಾಲ್ಕನೇ ಸ್ಟೆಪ್ಪಲ್ಲಿ 'ರಾಲಾ' ಅಂತ ಇದೆಯಲ್ಲ, ಇದೊಂದೇ ಸಿಗ್ತಿಲ್ಲ. ಇಂಪೋರ್ಟೆಡ್ ಕಾಂಪೌಂಡ್ ಇರ್ಬೇಕು. ನಮ್ಮ ಪರ್ಚೇಸ್‌ನವ್ರು ಎರಡು ತಿಂಗಳಿಂದ ಹುಡುಕ್ತಿದಾರೆ. ನಿಮಗೇನಾದ್ರೂ ಸಪ್ಲೈಯರ್ ಗೊತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಲೇತಿನ ಹತ್ತಿರ ಕೈ ಒರೆಸಿಕೊಳ್ಳುತ್ತಿದ್ದ ಟರ್ನರಣ್ಣ ಗಹಗಹಿಸಿ ನಕ್ಕುಬಿಟ್ಟರು.

"ರಾಲಾ ಅಲ್ಲ ಸಾಮಿ, ರಾಳ! ಧೂಪಕ್ಕೆ ಆಕ್ತಾರಲ್ಲ, ಅದು! ಯಾವ್ ಗ್ರಂದಿಗೆ ಅಂಗ್ಡೀಲಿ ಕೇಳಿದ್ರೂ ಕೊಡ್ತಾರೆ. ಮೇಣ ಮೂರು ಪಾಲು, ರಾಳ ಒಂದು ಪಾಲು."

ಅವನು ಬರೆದುಕೊಂಡ. ಅಂಗಳಕ್ಕೆ ಹೋಗಿ ಯಾರಿಗೋ ಫೋನು ಮಾಡಿದ. ಒಳಗೆ ಬಂದವನು ಡ್ರಾಯಿಂಗ್ ಮಡಿಚಿಕೊಂಡು, "ಥ್ಯಾಂಕ್ಸ್ ಮೇಡಂ, ಆಫೀಸಲ್ಲಿ ಕೇಳಿ ಹೇಳ್ತೀನಿ" ಎಂದು ಹೊರಟ. ಬೈಕು ತಿರುವಿನಲ್ಲಿ ಮರೆಯಾಗುವ ತನಕ ನಾನು ನಿಂತೇ ಇದ್ದೆ. ಆಮೇಲೆ ಅಣ್ಣನ ಮೇಲೆ ತಿರುಗಿಬಿದ್ದೆ.

"ಏನಂತ ಬಾಯ್ಬಿಟ್ರಿ? ಐದು ತಿಂಗಳು ಒದ್ದಾಡಿದ್ದು ಯಾಕೆ? ಅವನು ನಗ್ತಾ ಎತ್ಕೊಂಡು ಹೋದ. ಅದು ನನ್ನ ವಿಧಾನ! ನನ್ನದು!"

ಮಿಲ್ಲಿಂಗ್ ಮಿಷನ್ನು ಓಡಿಸುತ್ತಿದ್ದವನು ಸ್ವಿಚ್ ಆರಿಸಿದ. ಅಣ್ಣ ಒಂದೇ ಮಾತು ಕೇಳಿದರು.

"ನಿಮ್ದಾ ಅವ್ವ?"

ಕೈ ಒರೆಸುತ್ತಿದ್ದ ಬಟ್ಟೆಯನ್ನು ಲೇತಿನ ಮೇಲೆ ಹಾಕಿ ಮುಂದುವರಿಸಿದರು.

"ಅವತ್ತು ಆ ಕಾಗ್ದ ಜೆರಾಕ್ಸ್ ಮಾಡಿಸ್ಕಂಡು ಬಂದಿದ್ದು ನಾನೇ. ಇಂಗ್ಲೀಸು ನಂಗೆ ಅಷ್ಟಾಗಿ ಬರಲ್ಲ. ನಿಮ್ ಸೈನು ಮಾತ್ರ ಗುರ್ತು ಸಿಗ್ತದೆ. ಮೂರ್ ಕಡೆ ಇತ್ತು."

ಊಟದ ಡಬ್ಬಿ ತಗೊಂಡು ಹೊರಟುಹೋದರು. ಬೀರುವಿನಿಂದ ಆ ಪ್ರತಿ ತೆಗೆದು ನೋಡಿದೆ. ತಯಾರಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು. ಮೂರು ಕಡೆಯೂ ನನ್ನದೇ ಸಹಿ. ಅವರ ಹೆಸರು ಇಡೀ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಬರೆಯಬೇಕೆಂದು ಹೊಳೆಯಲೇ ಇಲ್ಲ. ಲ್ಯಾಬ್‌ನವರನ್ನು ಕೇಳಿದ್ದರೆ ಅವರೂ ಇದೇ ಉತ್ತರ ಕೊಡುತ್ತಿದ್ದರು ಅನ್ನಿಸಿ ಮೈ ಉರಿಯಿತು.

ಎರಡು ದಿನ ಅವರು ಬರಲಿಲ್ಲ. ಮೂರನೆಯ ದಿನ ಸ್ಕೂಟರ್ ತೆಗೆದುಕೊಂಡು ಚಿಕ್ಕಬಾಣಾವರಕ್ಕೆ ಹೋದೆ. ಸುತ್ತ ಎದ್ದಿರುವ ಪಿಜಿ ಕಟ್ಟಡಗಳ ನಡುವೆ ಅವರ ಹಳೆಯ ಮನೆ ಗಿಡ್ಡಗೆ ಕೂತಿತ್ತು. ಜಗಲಿಯ ಮೇಲೆ ಯಾರದೋ ಮನೆಯ ಗ್ರೈಂಡರ್ ಬಿಚ್ಚಿಟ್ಟುಕೊಂಡಿದ್ದರು. ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು.

"ತಪ್ಪಾಯ್ತು ಅಣ್ಣ" ಎಂದೆ.

ಅವರು ಸ್ಕ್ರೂ ತಿರುಗಿಸುತ್ತಲೇ ಹೇಳಿದರು: "ನಿಮ್ಮಪ್ಪಾರು ಇದ್ದಾಗ ಒಂದು ಪೀಸು ಚಂದಾಗಿ ಬಂದ್ರೆ ಎತ್ತಿಡ್ಕಂಡು ಕೇಳೋರು, ಇದ್ಯಾರ್ ಕೈಯಿಂದು ಅಂತ. ಅಷ್ಟೇಯ. ಆ ಬಡ್ಡೀಮಗ ಎರಡ್ ತಿಂಗ್ಳು ಉಡುಕ್ದೆ ಅಂದಾಗ ನಂಗೆ ಎಂಗಾಯ್ತು ಗೊತ್ತಾ? ಎಲ್ಲಾ ಓದ್ದೋರು, ನನ್ ರಾಳ ಉಡುಕ್ತಾವ್ರೆ ಅಂತ. ಬಾಯಿ ತಡೀನಿಲ್ಲ."

ಅವರ ಜಂಬಕ್ಕೆ ಅದೊಂದೇ ಗಳಿಗೆ ಸಿಕ್ಕಿತ್ತು. ಅದನ್ನೂ ನಾನು ಕಿರುಚಿ ಕಿತ್ತುಕೊಂಡಿದ್ದೆ.

ಮರುದಿನ ಇಬ್ಬರೂ ಕೂತು ಲ್ಯಾಬ್‌ಗೆ ಕಾಗದ ಬರೆದೆವು. ವಿಧಾನ ಯಾರದು, ಯಾರ ಶೆಡ್ಡಿನದು, ಅದನ್ನು ಬೇರೆ ಕಂಪನಿಗೆ ಕೊಡುವ ಮುಂಚೆ ಒಂದು ಮಾತು ಏಕೆ ಕೇಳಲಿಲ್ಲ ಎಂದು. ಕೆಳಗೆ ಇಬ್ಬರ ಸಹಿ. ನಲವತ್ತು ದಿನವಾದ ಮೇಲೆ 'ಪ್ರಿಯ ಮಹಾಶಯರೇ' ಎಂದು ಶುರುವಾಗುವ ಉತ್ತರ ಬಂತು. ಷರತ್ತುಗಳ ಪ್ರಕಾರ ಎಲ್ಲ ದಾಖಲೆಗಳೂ ಪ್ರಯೋಗಾಲಯದ ಸ್ವತ್ತು ಎಂದಿತ್ತು. ಹನ್ನೊಂದು ಪುಟಗಳನ್ನು ಆಗ ಓದಿದೆ. ಒಂಬತ್ತನೆಯ ಪುಟದಲ್ಲಿ ಅದು ಇತ್ತು.

ಅಷ್ಟರಲ್ಲಿ ಕಂಪನಿಯವನು ಮತ್ತೆ ಬಂದ. ಈ ಸಲ ಕೈಯಲ್ಲಿ ಸೊಟ್ಟಗಾದ ಬಟ್ಟಲುಗಳ ಪೆಟ್ಟಿಗೆ. ರಾಳ ಸಿಕ್ಕಿತ್ತು. ಪಾಕದ ಹದ ಸಿಕ್ಕಿರಲಿಲ್ಲ. ಎಷ್ಟು ಬಿಸಿ, ಎಷ್ಟು ನಿಧಾನ ಎಂಬುದನ್ನು ನಾನು ಶೀಟಿನಲ್ಲಿ ಬರೆದಿರಲಿಲ್ಲ. ಅದು ಅಣ್ಣನ ಮಣಿಕಟ್ಟಿನಲ್ಲಿತ್ತು, ನನಗೂ ಬರುತ್ತಿರಲಿಲ್ಲ. ಅವನನ್ನು ಬಾಗಿಲಿನಿಂದಲೇ ಕಳಿಸಬೇಕೆಂದು ನಾಲಗೆ ತುದಿಯವರೆಗೂ ಬಂತು. ತಡೆದುಕೊಂಡು, "ಇದು ಇವರ ಕೆಲಸ. ಇವರನ್ನ ಕೇಳಿ" ಎಂದೆ.

ಅಣ್ಣ ಸೊಟ್ಟ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಮಾಡ್ಕೊಡ್ತೀವಿ. ಇಲ್ಲೇ, ನಮ್ ಮಿಸನ್ನಾಗೆ. ಆದ್ರೆ ಆ ಲ್ಯಾಬ್ನೋರು ಒಂದ್ಸಲ ಇಲ್ಲೀಗ್ ಬಂದು ನೋಡ್ಕಂಡು ಓಗ್ಲಿ."

ಲ್ಯಾಬ್‌ನಿಂದ ಅಧಿಕೃತವಾಗಿ ಯಾರೂ ಬರಲಿಲ್ಲ. ಒಂದು ಶನಿವಾರ ಆ ಯುವ ವಿಜ್ಞಾನಿ ತಾನಾಗಿ ಬಂದ. ಅಣ್ಣ ಅವನ ಮುಂದೆ ರಾಳ ಕರಗಿಸಿ ಹುಯ್ದು ತೋರಿಸಿದರು. ಅವನು ಹೊಗೆಗೆ ಕೆಮ್ಮುತ್ತ ಕಣ್ಣು ಮಿಟುಕಿಸದೆ ನೋಡಿದ. "ಇದು ಇಷ್ಟು ಸೂಕ್ಷ್ಮ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ ಸಾರ್" ಎಂದ. ಅಣ್ಣನನ್ನು ಯಾರೋ ಸಾರ್ ಎಂದದ್ದು ನಾನು ಕೇಳಿದ್ದು ಅದೇ ಮೊದಲು.

"ಇದನ್ನೇ ಬರೆದು ಫೈಲಿಗೆ ಹಾಕಿ" ಎಂದೆ ನಾನು.

ಅವನು ತಲೆ ತಗ್ಗಿಸಿದ. "ನನ್ನ ಕೈಲಿ ಅಷ್ಟು ಅಧಿಕಾರ ಇಲ್ಲ ಮೇಡಂ."

"ನಮ್ಮ ಶೀಟನ್ನ ಕಂಪನಿಗೆ ಕೊಡೋವಾಗ ನಿಮ್ಮ ಲ್ಯಾಬ್‌ಗೆ ಇತ್ತಲ್ಲ?"

ಅವನು ತಲೆ ತಗ್ಗಿಸಿಕೊಂಡೇ ಹೊರಟ. ಒಳ್ಳೆಯ ಹುಡುಗ. ಒಳ್ಳೆಯವರೆಲ್ಲ ಹೀಗೆ ತಲೆ ತಗ್ಗಿಸಿಯೇ ನಮ್ಮನ್ನು ಮುಗಿಸುತ್ತಾರೆ.

ಆ ಬಟ್ಟಲುಗಳು ಈಗಲೂ ನಮ್ಮ ಶೆಡ್ಡಿನಲ್ಲೇ ತಯಾರಾಗುತ್ತವೆ, ಕಂಪನಿಯ ಪೆಟ್ಟಿಗೆಯಲ್ಲಿ, ಕಂಪನಿಯ ಹೆಸರಿನಲ್ಲಿ ಹೋಗುತ್ತವೆ. ನಮ್ಮ ಶೆಡ್ಡಿನೊಳಗಿನ ಶೀಟನ್ನು ನಾನು ಹೊಸದಾಗಿ ಬರೆದೆ. ತಯಾರಿಸಿದವರು ಎಂಬಲ್ಲಿ ಅಣ್ಣ ಕನ್ನಡದಲ್ಲಿ ಸಹಿ ಹಾಕಿದ್ದಾರೆ. ಅದನ್ನು ನೋಡುವವರು ನಾವು ಆರು ಜನ.

ಇದನ್ನೆಲ್ಲ ಬರೆಯುತ್ತೇನೆ, ನಿಮ್ಮ ಹೆಸರು ಹಾಕುತ್ತೇನೆ ಎಂದು ಅವರಿಗೆ ಹೇಳಿದೆ. ಅವರು ಗಾಬರಿಯಾದರು. "ಬ್ಯಾಡ ಕಣವ್ವ. ಭದ್ರತೆ ಇಸ್ಯ. ಯಾರಾನಾ ಬಂದು ಕೇಳಿದ್ರೆ ಏನ್ ಯೋಳಾದು?" ತಾವೇ ಕಂಡುಹಿಡಿದದ್ದನ್ನು ತಮ್ಮದೆನ್ನಲು ಅವರು ಹೆದರುವಂತೆ ಮಾಡಿಟ್ಟಿದ್ದಾರಲ್ಲ, ನನ್ನ ಕೋಪ ಈಗ ಅಲ್ಲಿಗೆ ಬಂದು ನಿಂತಿದೆ.